45ಕ್ಕೇ ಕೆಲಸ ಬಿಡಲು 28 ಪಟ್ಟು ಉಳಿತಾಯ ಸಾಕಾ?

ಪ್ರಶ್ನೆ (ಬೇಗ_ಸಾಕು):
ವಯಸ್ಸು 45. ಇರುವ ಸ್ವಂತ ಮನೆ ಬಿಟ್ಟು, ಉಳಿತಾಯ ವರ್ಷದ ಖರ್ಚಿನ 28 ಪಟ್ಟು ಇದೆ. ಮುಕ್ಕಾಲು ಪಾಲು ಷೇರು ಫಂಡ್‌ಗಳಲ್ಲಿ, ಉಳಿದದ್ದು ಠೇವಣಿ, ಬಾಂಡ್‌ಗಳಲ್ಲಿ. ಸಾಲ ಇಲ್ಲ. ಮಗಳಿಗೆ 12. 25 ಪಟ್ಟು ಇದ್ದರೆ ಸಾಕು ಅಂತ ಎಲ್ಲ ಕಡೆ ಹೇಳ್ತಾರೆ. ಈ ವರ್ಷವೇ ರಾಜೀನಾಮೆ ಕೊಡಬಹುದಾ?

ಲೆಕ್ಕದ_ಪುಸ್ತಕ:
ಆ 25 ಪಟ್ಟು ಬಂದಿದ್ದು ಶೇ. 4ರ ಸೂತ್ರದಿಂದ. 1994ರಲ್ಲಿ ವಿಲಿಯಂ ಬೆಂಗನ್ ಅನ್ನುವ ಹಣಕಾಸು ಸಲಹೆಗಾರ ಅಮೆರಿಕದ ಮಾರುಕಟ್ಟೆಯ ಹಳೆಯ ಅಂಕಿಅಂಶ ಹಿಡಿದು ಲೆಕ್ಕ ಹಾಕಿದ್ದು: ಮೊದಲ ವರ್ಷ ಗಂಟಿನ ಶೇ. 4 ತೆಗೆದು, ಆಮೇಲೆ ಬೆಲೆ ಏರಿದಷ್ಟು ಆ ಮೊತ್ತ ಏರಿಸುತ್ತಾ ಹೋದರೆ 30 ವರ್ಷ ಹಣ ಮುಗಿಯಲಿಲ್ಲ. 90ರ ವಯಸ್ಸಿನವರೆಗೆ ಅಂತ ಹಿಡಿದರೆ ನಿಮಗೆ ಬೇಕಿರುವುದು 45 ವರ್ಷ. ದೇಶವೂ ಬೇರೆಯಾದರೆ ಆ ಸೂತ್ರ ಅಂದಾಜು ಮಾತ್ರ.

ಬೆಲೆಯೇರಿಕೆ ಕಳೆದು ಕೈಗೆ ಸಿಗುವ ನಿಜವಾದ ಗಳಿಕೆ ಶೇ. 3 ಇದ್ದರೆ 45 ವರ್ಷಕ್ಕೆ ಸುಮಾರು 24.5 ಪಟ್ಟು ಸಾಕು. ಶೇ. 2 ಆದರೆ 29.5, ಶೇ. 1 ಆದರೆ 36. ಒಂದೊಂದು ಶೇಕಡಾಗೆ ಎಷ್ಟು ವರ್ಷದ ದುಡಿಮೆ ಆಚೀಚೆ ಆಗುತ್ತೆ ನೋಡಿ. ಅದೂ ಗಳಿಕೆ ಪ್ರತಿ ವರ್ಷ ಒಂದೇ ಸಮ ಬಂದರೆ. ಹಾಗೆ ಬರುವುದಿಲ್ಲ.

ಖರ್ಚು_ಮೊದಲು:
28 ಅನ್ನುವುದನ್ನೇ ನಾನು ಒಪ್ಪಲ್ಲ. ಯಾವುದರ 28 ಪಟ್ಟು? ಕಳೆದ 24 ತಿಂಗಳ ಬ್ಯಾಂಕ್ ಮತ್ತು ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿ, ನೆನಪಿನಿಂದ ಬರೆಯಬೇಡಿ. ವಾಹನ, ಮನೆ ರಿಪೇರಿ, ಫ್ರಿಡ್ಜ್, ಹಲ್ಲಿನ ಚಿಕಿತ್ಸೆ ಇಂಥವು ವರ್ಷವರ್ಷ ಬರುವುದಿಲ್ಲ, ಹಾಗಾಗಿ ಲೆಕ್ಕದಿಂದ ಜಾರಿಬಿಡುತ್ತವೆ. ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ ವಾರ್ಷಿಕ ಖರ್ಚಿಗೆ ಸೇರಿಸಿ. ಹಣ ತೆಗೆಯುವಾಗ ಬೀಳುವ ತೆರಿಗೆಯೂ ಖರ್ಚೇ.

ಮಗಳ ಓದಿನ ಹಣ ಗಂಟಿನಿಂದಲೇ ಬೇರೆ ಮಾಡಿ. ಆರೇ ವರ್ಷದಲ್ಲಿ ಬೇಕಾಗುವ ಹಣ, ಪೂರ್ತಿ ಷೇರಿನಲ್ಲಿ ಬಿಡಬಾರದು.

ಆರೋಗ್ಯ ವಿಮೆ ಕಂಪನಿಯದ್ದಾದರೆ ಕೆಲಸದ ಜೊತೆಗೇ ಹೋಗುತ್ತೆ. ಸ್ವಂತ ಪಾಲಿಸಿಯನ್ನು ರಾಜೀನಾಮೆಗೆ ಮೊದಲೇ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇದ್ದರೆ ಅದು ಸಂಬಳ ಬರುತ್ತಿರುವಾಗಲೇ ಕಳೆಯಲಿ.

ಬೇಗ_ಸಾಕು:
ಹಾಗೇ ಮಾಡಿದೆ. ಓದಿಗೆ 4 ಪಟ್ಟು ತೆಗೆದರೆ 24. ತೆರಿಗೆ, ವಿಮೆ, ರಿಪೇರಿ ಸೇರಿ ಖರ್ಚು ಶೇ. 10 ಏರಿತು. ಈಗ 21.8 ಪಟ್ಟು!

ನಿಧಾನವೇ_ಸರಿ:
ಅಂದರೆ ಶೇ. 4.6 ತೆಗೆಯುತ್ತೀರಿ. 45 ವರ್ಷಕ್ಕೆ ಇದು ಜಾಸ್ತಿಯಾಯಿತು. ಅದರಲ್ಲೂ ಮೊದಲ ಐದಾರು ವರ್ಷ ಮಾರುಕಟ್ಟೆ ಬಿದ್ದರೆ ಕಷ್ಟ. ಶೇ. 4 ಅಂತಲೇ ಇಟ್ಟುಕೊಳ್ಳಿ: 100ರಲ್ಲಿ 4 ತೆಗೆದಿರಿ, ಉಳಿದ 96 ಶೇ. 30 ಕುಸಿದು 67.2 ಆಯಿತು. ಬೆಲೆಯೇರಿಕೆ ಶೇ. 6 ಆದರೆ ಮರುವರ್ಷ 4.24 ಬೇಕು, ಅದು ಉಳಿದ ಗಂಟಿನ ಶೇ. 6.3. ತೆಗೆದ ಮೇಲೆ ಮತ್ತೆ 100 ಮುಟ್ಟಲು ಶೇ. 59 ಏರಬೇಕು. ಇದೇ ಕುಸಿತ 20 ವರ್ಷ ಆದ ಮೇಲೆ ಬಂದರೆ ಇಷ್ಟು ಪೆಟ್ಟಾಗುವುದಿಲ್ಲ.

ಅದಕ್ಕೇ 2–3 ವರ್ಷದ ಖರ್ಚನ್ನು ಠೇವಣಿಯಲ್ಲಿಡಿ, ಮಾರುಕಟ್ಟೆ ಬಿದ್ದ ವರ್ಷ ಅಲ್ಲಿಂದ ತೆಗೆಯಿರಿ. ಇಲ್ಲಿ ಸುಲಭವಾಗಿ ಎಡವುವ ರೀತಿ ಒಂದಿದೆ: ಠೇವಣಿ ಕರಗಿದ್ದು ನೋಡಿ ಗಾಬರಿಯಾಗಿ, ಬಿದ್ದ ಬೆಲೆಗೇ ಷೇರು ಮಾರಿ ಅದನ್ನು ತುಂಬಿಸುವುದು.

ಜೊತೆಗೆ 2006ರ ಗೈಟನ್–ಕ್ಲಿಂಗರ್ ನಿಯಮ ನೋಡಿ. ತೆಗೆಯುವ ದರ ಆರಂಭದ ದರಕ್ಕಿಂತ ಐದನೇ ಒಂದು ಪಾಲು ಮೇಲೆ ಹೋದರೆ (4 ಇದ್ದದ್ದು 4.8 ದಾಟಿದರೆ) ಖರ್ಚು ಶೇ. 10 ಇಳಿಸಬೇಕು. 3.2ಕ್ಕಿಂತ ಕೆಳಗಿಳಿದರೆ ಶೇ. 10 ಏರಿಸಬಹುದು. ಆದರೆ ನಿಮ್ಮ ಖರ್ಚಿನಲ್ಲಿ ಕಡಿಯಲಾಗದ್ದೇ ಶೇ. 90 ಇದ್ದರೆ ಈ ನಿಯಮ ಕಾಗದದ ಮೇಲಷ್ಟೇ.

ಲೆಕ್ಕದ_ಪುಸ್ತಕ:
ಎರಡು ದಾರಿ ಇದೆ, ನಿಜ ಗಳಿಕೆ ಶೇ. 2.5 ಅಂತ ಹಿಡಿದಿದ್ದೇನೆ. ವರ್ಷದ ಖರ್ಚಿನಷ್ಟೇ ಉಳಿಸುತ್ತಾ 4 ವರ್ಷ ದುಡಿದರೆ 21.8 ಹೋಗಿ ಸುಮಾರು 28 ಆಗುತ್ತೆ, ಉಳಿಯುವ ಅವಧಿ 41 ವರ್ಷ. ಇಲ್ಲವೇ ಈಗಲೇ ಬಿಟ್ಟು, ಅರ್ಧ ಖರ್ಚು ಬರುವಷ್ಟು ಬಿಡಿ ಕೆಲಸ 5 ವರ್ಷ ಮಾಡಿದರೆ ಗಂಟು 22ರಲ್ಲೇ ನಿಲ್ಲುತ್ತೆ: ಕರಗುವುದಿಲ್ಲ, ಬೆಳೆಯುವುದೂ ಇಲ್ಲ. ಎರಡನೆಯದು ಪೂರ್ತಿ ನಿವೃತ್ತಿಗೆ ಸಾಲದು. ನಾನಾದರೆ ಮೊದಲನೆಯದಕ್ಕೇ ಹೋಗುತ್ತೇನೆ, ಮತ್ತು ಈ ನಾಲ್ಕು ವರ್ಷದ ಉಳಿತಾಯವನ್ನು ಠೇವಣಿ, ಬಾಂಡ್‌ಗಳಿಗೇ ಹಾಕುತ್ತೇನೆ. ಕೆಲಸ ಬಿಡುವ ದಿನ ಮುಕ್ಕಾಲು ಪಾಲು ಷೇರಿನಲ್ಲಿರುವುದು ಬೇಡ.