ಕ್ಯೂಟಿನ್, ಸುಬೆರಿನ್, ಹಣ್ಣಿನ ಮೇಲಿನ ಬಿಳಿ ಬೂದಿ: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಗಿಡಗಳು ತಮ್ಮೊಳಗಿನ ನೀರನ್ನು ಹೇಗೆ ಕಾಪಾಡಿಕೊಳ್ಳುತ್ತವೆ ಅನ್ನುವ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ಎಲೆ, ಹಣ್ಣು, ಬೇರು ಮೂರರ ಮಾತೂ ಅದರಲ್ಲಿ ಬರುತ್ತದೆ. ಕನ್ನಡದಲ್ಲಿ ಎಲ್ಲಕ್ಕೂ ಸುಮ್ನೆ 'ಮೇಣದ ಪದರ' ಅಂತ ಬರೆದು ಮುಂದೆ ಹೋಗುವುದು ಸುಲಭ. ಆದರೆ ಅದು ಸಾಲದು. ಗಿಡ ಕಟ್ಟುವ ತಡೆಗಳು ಬೇರೆ ಬೇರೆ. ಅವು ಇರುವ ಜಾಗವೂ ಬೇರೆ.

ಮೊದಲು ಎಲೆ ಮತ್ತು ಹಣ್ಣು. ಹೊರಸಾಲಿನ ಜೀವಕೋಶಗಳು ತಮ್ಮ ಗೋಡೆಯ ಆಚೆಗೆ ಕ್ಯೂಟಿನ್ ಕಟ್ಟುತ್ತವೆ. 16 ಅಥವಾ 18 ಇಂಗಾಲ ಇರುವ ಕೊಬ್ಬಿನ ಆಮ್ಲಗಳು ಒಂದಕ್ಕೊಂದು ಹೆಣೆದುಕೊಂಡು ಆದದ್ದು ಅದು. ಅದು ಮೇಣ ಅಲ್ಲ. ಮೇಣ ಅದರ ಸಂದುಗಳಲ್ಲಿ ತುಂಬಿಕೊಂಡು, ಮೇಲೆಯೂ ಹರಡಿಕೊಳ್ಳುತ್ತದೆ. ನೀರು ಆರದಂತೆ ತಡೆಯುವ ಕೆಲಸದಲ್ಲಿ ದೊಡ್ಡ ಪಾಲು ಈ ಮೇಣದ್ದೇ. ಎರಡೂ ಸೇರಿದರೆ ಕ್ಯೂಟಿಕಲ್. ಟೊಮೆಟೊ ಹಣ್ಣಿನ ಸಿಪ್ಪೆಯಲ್ಲಿ ಪತ್ರರಂಧ್ರಗಳೇ, ಅಂದರೆ ಎಲೆಯಲ್ಲಿ ಗಾಳಿ, ನೀರಾವಿ ಓಡಾಡುವಂಥ ಸಣ್ಣ ತೂತುಗಳೇ, ಇಲ್ಲ. ಕಿತ್ತ ಮೇಲೆ ಅದರ ನೀರು ಹೋಗುವುದು ತೊಟ್ಟು ಕಳಚಿದ ಜಾಗದಿಂದ, ಇಲ್ಲವೇ ಕ್ಯೂಟಿಕಲ್ ದಾಟಿಕೊಂಡು.

ಕ್ಯೂಟಿಕಲ್‌ಗೆ 'ಹೊರಪೊರೆ' ಅನ್ನಬಹುದು ಅಂತ ಕೆಲವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮಕ್ಕಳು 'ಕೋಶಪೊರೆ' ಅಂತ ಆಗಲೇ ಕಲಿತಿರುತ್ತಾರೆ. ಅದು ಕೋಶದ ಗೋಡೆಯ ಒಳಗಡೆ ಇರುವಂಥದ್ದು, ಇದು ಗೋಡೆಯ ಹೊರಗಡೆ. ಎರಡನ್ನೂ ಪೊರೆ ಅಂದರೆ ಗೊಂದಲ ಗ್ಯಾರಂಟಿ. 'ಮೇಣಲೇಪ' ಅಂದರೆ ಹೇಗೆ? ಲೇಪ ಅಂದಾಗ ಹೊರಗಿನಿಂದ ಯಾರೋ ಬಳಿದಂತೆ ಕೇಳುತ್ತದೆ, ನಿಜ. ಆದರೂ ಜಾಗವನ್ನು ಸರಿಯಾಗಿ ತೋರಿಸುತ್ತದೆ. ಸದ್ಯಕ್ಕೆ ನನ್ನ ಮನಸ್ಸು ಇದರ ಕಡೆಗೇ ಇದೆ.

'ಮೇಣ' ಎಂಬ ಪದಕ್ಕೂ ಒಂದು ತೊಡಕಿದೆ. ಜೇನುಮೇಣ, ಮೇಣದಬತ್ತಿ ಎಲ್ಲರಿಗೂ ಗೊತ್ತು. ಕರಾವಳಿ, ಮಲೆನಾಡಿನ ಕಡೆ ಹಲಸಿನ ಅಂಟಿಗೂ ಮೇಣ ಅನ್ನುತ್ತಾರೆ. ಅಲ್ಲಿನ ಮಗು 'ಹಣ್ಣಿನ ಮೇಣ' ಅಂತ ಓದಿದರೆ ಕೈಗೆ ಮೆತ್ತಿಕೊಳ್ಳುವ ಆ ಅಂಟನ್ನೇ ನೆನೆಯುತ್ತದೆ, ಅಲ್ವಾ? ಅದು ಗಾಯವಾದಾಗ ಹರಿದು ಬರುವ ಹಾಲು. ಇಲ್ಲಿ ಹೇಳುತ್ತಿರುವ ಮೇಣ ನೀರಿಗೂ ಅಂಟಿಕೊಳ್ಳದ್ದು. ಕೆಸುವಿನೆಲೆಯ ಮೇಲೆ ನೀರು ಉರುಳಿ ಹೋಗುವುದು ಇದರ ಸಣ್ಣ ಸಣ್ಣ ಹರಳುಗಳಿಂದಲೇ.

ಇನ್ನು 'ಬೂದಿ'. ನನಗೆ ಬಹಳ ಇಷ್ಟವಾದ ಪದ ಇದು. ಬೂದುಗುಂಬಳದ ಮೈಮೇಲಿನ ಬಿಳಿ ಪುಡಿ ಅಪ್ಪಟ ಮೇಣ. ನಮ್ಮ ಜನ ಅದನ್ನು ನೋಡಿಯೇ ಕಾಯಿಗೆ ಹೆಸರಿಟ್ಟಿದ್ದಾರೆ. ಚೆನ್ನಾಗಿ ಬಲಿತ ಕಾಯಿಯನ್ನು ಅಟ್ಟದಲ್ಲಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕೆ ಈ ಮೇಣದ ನೆರವೂ ಇದೆ. ದ್ರಾಕ್ಷಿ ಹಣ್ಣಿನ ಮೇಲಿನ ಮಬ್ಬು ಬಿಳುಪೂ ಮೇಣವೇ. ಅದು ಎಷ್ಟು ಗಟ್ಟಿ ಕಾವಲು ಅಂತ ತಿಳಿಯಲು ವಿಜಯಪುರದ ಒಣದ್ರಾಕ್ಷಿ ಕೆಲಸ ನೋಡಬೇಕು. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಈಥೈಲ್ ಓಲಿಯೇಟ್. ಅದ್ದಿದಾಗ ಮೇಣದ ಜೋಡಣೆ ಸಡಿಲವಾಗಿ ನೀರಿಗೆ ದಾರಿ ಸಿಗುತ್ತದೆ. ಹಣ್ಣು ಬೇಗ ಒಣಗುತ್ತದೆ. ಅದ್ದದೆ ಹಾಗೇ ಹರಡಿದರೆ ಒಣಗಲು ಜಾಸ್ತಿ ದಿನ ಬೇಕು.

ಹಾಗಾದರೆ 'ಬೂದಿ' ಅಂತಲೇ ಬಳಸೋಣ ಅನ್ನಲು ಹೊರಟರೆ 'ಬೂದಿ ರೋಗ' ಅಡ್ಡ ಬರುತ್ತದೆ. ಅದು ಶಿಲೀಂಧ್ರದಿಂದ ಬರುವ ರೋಗ, ಅದೂ ದ್ರಾಕ್ಷಿಗೇ ದೊಡ್ಡ ಕಾಟ. ಒಂದೇ ಬಳ್ಳಿಯಲ್ಲಿ ಒಂದು ಬೂದಿ ಕಾವಲು, ಇನ್ನೊಂದು ಬೂದಿ ಕೇಡು. 'ಮೇಣಬೂದಿ' ಅಂದರೆ ಈ ತೊಂದರೆ ಬಗೆಹರಿಯುತ್ತದೆ ಅಂತ ನನಗನ್ನಿಸುತ್ತದೆ.

ಬೇರಿನ ಕಥೆ ಬೇರೆಯೇ. ಬೇರು ನೀರನ್ನು ಒಳಗೆ ಬಿಟ್ಟುಕೊಳ್ಳಲೇಬೇಕು. ಹಾಗಾಗಿ ಅದರ ಮುಖ್ಯ ತಡೆ ಮೈಮೇಲಲ್ಲ, ಒಳಗಡೆ, ನಡುವಿನ ಕೊಳವೆಗಳನ್ನು ಸುತ್ತುವರಿದ ಒಂದು ಸಾಲು ಕೋಶಗಳಲ್ಲಿದೆ. ಆ ಕೋಶಗಳ ಗೋಡೆಯನ್ನು ಸುತ್ತುವ ಪಟ್ಟಿಯನ್ನು 1865ರಲ್ಲಿ ವಿವರಿಸಿದವರು ಜರ್ಮನಿಯ ರಾಬರ್ಟ್ ಕ್ಯಾಸ್ಪರಿ. ಆ ಪಟ್ಟಿಯ ಮುಖ್ಯ ಸರಕು ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ವಸ್ತು. ಅದರ ನಂತರ ಕೋಶ ತನ್ನ ಗೋಡೆಯ ಒಳಬದಿಗೆ ಸುತ್ತಲೂ ಸುಬೆರಿನ್ ಬಳಿದುಕೊಳ್ಳುತ್ತದೆ. ಇದೂ ಕ್ಯೂಟಿನ್‌ನ ಹಾಗೆ ಕೊಬ್ಬಿನ ಆಮ್ಲಗಳಿಂದಾದ, ನೀರನ್ನು ತಡೆಯುವ ವಸ್ತು. ಕ್ಯೂಟಿನ್ ಗೋಡೆಯ ಹೊರಗೆ, ಸುಬೆರಿನ್ ಗೋಡೆಯ ಒಳಗೆ. ಇನ್ನೊಂದು ವಿಷಯ ಕೇಳಿ. ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ನೋಡಿರುವ ಹಾಗೆ, ಉಪ್ಪು ಹೆಚ್ಚಾದರೆ ಬೇರು ಸುಬೆರಿನ್ ಹೆಚ್ಚಿಸುತ್ತದೆ. ಕಬ್ಬಿಣದ ಕೊರತೆಯಾದರೆ ಕಡಿಮೆ ಮಾಡುತ್ತದೆ. ಬೇಕಾದಂತೆ ಮಾರ್ಪಡಿಸಿಕೊಳ್ಳುವ ಇಂಥ ವಸ್ತುವನ್ನು ಬರೀ 'ಪದರ' ಅಂದು ಮುಗಿಸಲು ಮನಸ್ಸಾಗುವುದಿಲ್ಲ.

ಆಲೂಗಡ್ಡೆಯ ಸಿಪ್ಪೆಯಲ್ಲೂ ಸುಬೆರಿನ್ ಇದೆ. ಗಡ್ಡೆ ಕತ್ತರಿಸಿಟ್ಟರೆ ಕೊಯ್ದ ಮುಖದ ಮೇಲೂ ಅದೇ ಬೆಳೆಯುತ್ತದೆ. ಕರಬೂಜದ ಮೈಮೇಲಿನ ಬಲೆಯೂ ಹೀಗೆಯೇ ಆದದ್ದು. ಕಾಯಿ ಉಬ್ಬುವಾಗ ಮೇಣಲೇಪ ಬಿರಿಯುತ್ತದೆ, ಬಿರುಕನ್ನು ಸುಬೆರಿನ್ ತುಂಬಿದ ಕೋಶಗಳು ಮುಚ್ಚುತ್ತವೆ.

ಸುಬೆರಿನ್ ಹೆಸರು ಬಂದದ್ದು ಕಾರ್ಕ್‌ನ ಲ್ಯಾಟಿನ್ ಪದದಿಂದ. ಕಾರ್ಕ್‌ಗೆ ನಮ್ಮಲ್ಲಿ 'ಬೆಂಡು' ಇದೆ. ಆದರೆ 'ಬಿಸಿಲಿಗೆ ಬೆಂಡಾದ' ಅಂದರೆ ಸತ್ವ ಬತ್ತಿ ಸೊರಗಿದ ಅಂತ. ಒಣಗದಂತೆ ಕಾಯುವ ವಸ್ತುವಿಗೆ ಆ ನೆರಳು ಬೇಡ. ವಸ್ತುವಿನ ಹೆಸರು ಸುಬೆರಿನ್ ಅಂತಲೇ ಇರಲಿ. ಕ್ರಿಯೆಗೆ ಮಾತ್ರ, ಹೆಪ್ಪುಗಟ್ಟು, ಕೆನೆಗಟ್ಟು ಇದ್ದಂತೆ, 'ಬೆಂಡುಗಟ್ಟು' ಅನ್ನಬಹುದೇ? ಇಲ್ಲಾ, ಗಾಯದ ಮೇಲೆ ಆಗುವುದಕ್ಕೆ 'ಹಕ್ಕಳೆಗಟ್ಟು' ವಾಸಿಯೇ?

ಹಾಸನದ ಕಡೆಯವರು ಇಲ್ಲಿದ್ದರೆ ಹೇಳಿ: ಬಿತ್ತನೆ ಆಲೂಗಡ್ಡೆಯ ಕೊಯ್ದ ಮುಖ ಹೀಗೆ ಗಟ್ಟಿಯಾಗುವುದಕ್ಕೆ ರೈತರು ಏನನ್ನುತ್ತಾರೆ? ಕಬ್ಬಿನ ಗೆಣ್ಣಿನ ಕೆಳಗೂ ಇಂಥದೇ ಬಿಳಿ ಮೇಣ ಇರುತ್ತದೆ. ಮಂಡ್ಯ, ಬೆಳಗಾವಿ ಕಡೆ ಅದಕ್ಕೆ ಏನು ಹೆಸರಿದೆ? ವಿಜಯಪುರದ ದ್ರಾಕ್ಷಿ ಬೆಳೆಗಾರರ ಮಾತೂ ಬೇಕು. ಕೇಳಿದ್ದನ್ನು ಕೇಳಿದ ಹಾಗೇ, ಊರಿನ ಹೆಸರು ಸೇರಿಸಿ ಬರೆಯಿರಿ.