ಗರ್ಭಗುಡಿ ಬಿಚ್ಚುವಾಗ ದೇವರು ಎಲ್ಲಿರುತ್ತಾರೆ?

ಥಾಣೆಯ ಸೊಸೆ:
ಉಡುಪಿ ಕಡೆಯ ನಮ್ಮೂರ ಈಶ್ವರ ದೇವಸ್ಥಾನ ಜೀರ್ಣೋದ್ಧಾರ ಆಗ್ತಾ ಇದೆ. ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು: ಮಾಡಿನ ಹಂಚು ಇಳಿಸಿ, ಗರ್ಭಗುಡಿಯ ಮುರಕಲ್ಲು ಕೀಳುತ್ತಿದ್ದಾರೆ. ಅದನ್ನು ನೋಡಿ ಅಮ್ಮ ಫೋನಿನಲ್ಲಿ ಅತ್ತೇಬಿಟ್ಟರು. "ಶಿವನೇ ಲಯಕರ್ತ, ಹಳತು ಹೋಗಲೇಬೇಕು" ಅಂತಾರೆ ಸಮಿತಿಯವರು. ಅಷ್ಟು ಸಲೀಸಾ ಅದು? ಗುಡಿ ಬಿಚ್ಚುವಾಗ ದೇವರು ಎಲ್ಲಿರ್ತಾರೆ?

ಮುಳಿಹುಲ್ಲು:
ಅಕ್ಕ, ನಾನು ತಂತ್ರಿಗಳೊಟ್ಟಿಗೆ ಪರಿಕರ್ಮಕ್ಕೆ, ಅಂದರೆ ಪೂಜೆಯ ಸಹಾಯಕ್ಕೆ ಹೋಗುವವ. ಸಲೀಸಲ್ಲ ಮಾರಾಯ್ರೆ. ಹಾರೆ ತಾಗುವ ಮೊದಲೇ ದೇವರು ಅಲ್ಲಿಂದ ಎದ್ದಾಗಿರುತ್ತದೆ. ಮೊದಲು ಅನುಜ್ಞಾ ಕಲಶ, ಅಂದರೆ ದೇವರ ಅಪ್ಪಣೆ ಕೇಳುವುದು. ಆಮೇಲೆ ಸಂಕೋಚ: ಬಿಂಬದ ಚೈತನ್ಯವನ್ನು ಜೀವಕಲಶದ ನೀರಿಗೆ ಆವಾಹಿಸಿ, ಪಕ್ಕದಲ್ಲಿ ಕಟ್ಟಿದ ತಾತ್ಕಾಲಿಕ ಗುಡಿ, ಬಾಲಾಲಯಕ್ಕೆ ತರುವುದು. ನಿತ್ಯಪೂಜೆ ಅಲ್ಲಿ ನಡೆಯುತ್ತದೆ.

ಇಷ್ಟಾದ ಮೇಲೆ ಹಳೇ ಗುಡಿ ಬರೀ ಕಲ್ಲು, ಮರ. ಶಾಸ್ತ್ರದ ಮಾತು ಅದು. ಆದರೆ ಬಿಚ್ಚಲಿಕ್ಕೆ ಬಂದ ಮೇಸ್ತ್ರಿಗಳು ಆಗಲೂ ಚಪ್ಪಲಿ ಅಂಗಳದಲ್ಲೇ ಬಿಟ್ಟು ಹತ್ತುತ್ತಾರೆ. ಒಬ್ಬರಂತೂ ಬಾಗಿಲ ದಾರಂದಕ್ಕೆ ಕೈಮುಗಿದು, ಆಮೇಲೆಯೇ ಉಳಿ ಇಟ್ಟರು.

ವಿಗ್ರಹ ಭಿನ್ನವಾದರೆ ಏನು ಮಾಡಬೇಕೆಂದು ಅಗ್ನಿಪುರಾಣದಲ್ಲೇ ಇದೆ: ಮರದ್ದಾದರೆ ಬೆಂಕಿಗೆ, ಕಲ್ಲಿನದ್ದಾದರೆ ನೀರಿಗೆ. ಅದೂ ಬಟ್ಟೆ ಹೊದಿಸಿ, ವಾಹನದಲ್ಲಿ ಒಯ್ಯಬೇಕು. ಅಷ್ಟೇ ಅಳತೆಯ, ಅದೇ ದ್ರವ್ಯದ ಹೊಸತನ್ನು ಪ್ರತಿಷ್ಠೆ ಮಾಡಬೇಕು. ಕೆಡಹುವ ಅಧಿಕಾರ, ಕಟ್ಟಿಕೊಡುವ ಹೊಣೆ ಎರಡೂ ಒಬ್ಬನ ತಲೆಗೇ.

ಬೆರಣಿ:
ಪುರಿಯಲ್ಲಿ ಹಳೇ ಮೂರ್ತಿ ಬದಲಿಸುವ ನವಕಳೇಬರವೂ ಇದೇ ಅಲ್ವಾ? 2015ರಲ್ಲಿ ಆಯ್ತು, ಅದಕ್ಕೆ ಮೊದಲು 1996. ಅಧಿಕ ಆಷಾಢ ಬಂದ ವರ್ಷ ಬೇವಿನ ಮರದಿಂದ ಹೊಸ ಜಗನ್ನಾಥ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೈತಾಪತಿಗಳು ಅನ್ನೋ ಸೇವಕರು ಹಳೇ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ರಾತ್ರಿ ಹೊಸದಕ್ಕೆ ಸೇರಿಸ್ತಾರೆ. ಹಳೇ ಮೂರ್ತಿಗಳನ್ನು ದೇವಸ್ಥಾನದ ಆವರಣದ ಕೊಯಿಲಿ ವೈಕುಂಠದಲ್ಲಿ ಹೂಳ್ತಾರೆ. ಆಮೇಲೆ ಮನೆಯವರೇ ತೀರಿಕೊಂಡ ಹಾಗೆ ಸೂತಕ ಆಚರಿಸ್ತಾರೆ.

ಮುಳಿಹುಲ್ಲು:
ಹೌದು, ಅಲ್ಲಿ ದೇವರಿಗೇ ಸೂತಕ ಹಿಡಿಯುತ್ತಾರೆ. ಹಾಗಿರುವಾಗ ಅಮ್ಮ ಅತ್ತದ್ದರಲ್ಲಿ ತಪ್ಪೇನು?

ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡಿ. ಗೋಡೆ ಗಟ್ಟಿಯಾಗಿದ್ದು, ಬರೇ ಗ್ರಾನೈಟ್ ಹಾಸಲಿಕ್ಕೆ, ದಾನಿಗಳ ಹೆಸರಿನ ಫಲಕ ಹಾಕಲಿಕ್ಕೆ ಬಿಚ್ಚುವುದಾದರೆ ಅದಕ್ಕೆ ಶಿವನ ಹೆಸರು ಯಾಕೆ? ಮಾಡು ಸೋರುತ್ತಿತ್ತಾ, ಹಂಚಿನಡಿಯ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತಾ ಅಂತ ಕೇಳಿ. ಜ್ಯೋತಿಷಿಗಳು ಇಟ್ಟ ಅಷ್ಟಮಂಗಲ ಪ್ರಶ್ನೆಯಲ್ಲಿ ಏನು ಕಂಡಿತೆಂದೂ ಕೇಳಿ.

ಥಾಣೆಯ ಸೊಸೆ:
ಪಕ್ಕಾಸು ಹೋಗಿತ್ತಂತೆ, ಅದು ನಿಜ. ಅಮ್ಮನಿಗೆ ಈಗ ಏನು ಹೇಳಲಿ?

ಮುಳಿಹುಲ್ಲು:
ಬಾಲಾಲಯಕ್ಕೆ ಹೋಗಿ ಕೈಮುಗಿದು ಬರಲಿಕ್ಕೆ ಹೇಳಿ, ಅವರ ಈಶ್ವರ ಈಗ ಅಲ್ಲಿದ್ದಾನೆ. ಆಮೇಲೆ ಷಡಾಧಾರ ಪ್ರತಿಷ್ಠೆ, ಅಂದರೆ ಹೊಸ ಗುಡಿಯ ಬುಡಕ್ಕೆ ಆರು ಆಧಾರ ಇಡುವುದು ಇರುತ್ತದೆ. ಆಧಾರಶಿಲೆಯ ಮೇಲೆ ನಿಧಿಕುಂಭ ಇಡುವಾಗ ಊರವರು ಚಿನ್ನವೋ ಬೆಳ್ಳಿಯೋ ಕೈಲಾದದ್ದು ಹಾಕುತ್ತಾರೆ. ಅದರ ಮೇಲೇ ಗರ್ಭಗುಡಿ ಏಳುವುದು. ಆ ದಿನ ಅಮ್ಮ ಅಲ್ಲಿರಲಿ. ಗುಡಿ ಮುಗಿದ ಮೇಲಿನ ಬ್ರಹ್ಮಕಲಶಾಭಿಷೇಕದ ನೂಕುನುಗ್ಗಲಲ್ಲಿ ಹೇಗೂ ಏನೂ ಕಾಣುವುದಿಲ್ಲ.

ಥಾಣೆಯ ಸೊಸೆ:
ಸರಿ, ತಾರೀಕು ಕೇಳಿ ಟಿಕೆಟ್ ಮಾಡಿಸ್ತೇನೆ. ಅಮ್ಮ ನಿಧಿಕುಂಭಕ್ಕೆ ತಮ್ಮ ಮೂಗುತಿ ಹಾಕ್ತೇನೆ ಅಂತ ಈಗಲೇ ಹಟ ಹಿಡಿದಿದ್ದಾರೆ.