ದಾವಣಗೆರೆಯಿಂದ ಅತ್ತೆ-ಮಾವ ಬಂದಿದ್ದಾರೆ, ಹಿಮ ತೋರಿಸಬೇಕು: ಎಲ್ಲಿಗೆ ಹೋಗೋಣ, ಯಾವಾಗ ಹೋಗೋಣ?

ಪ್ರಶ್ನೆ, ಸಿಡ್ನಿಯಿಂದ

ಅತ್ತೆ, ಮಾವ ಆಗಸ್ಟ್ ಕೊನೆಯವರೆಗೆ ನಮ್ಮ ಜೊತೆ ಇರುತ್ತಾರೆ. ಟೀವಿಯಲ್ಲಿ ಬಿಟ್ಟರೆ ಇಬ್ಬರೂ ಹಿಮ ಕಂಡವರಲ್ಲ. ಮಾವನಿಗೆ ಮಂಡಿನೋವು. ಮಕ್ಕಳಿಗೆ 9 ಮತ್ತು 5 ವರ್ಷ, ಸ್ಕೀಯಿಂಗ್ ಕಲಿಯಬೇಕು ಅಂತ ಹಟ. ಜೂನ್ ಲಾಂಗ್ ವೀಕೆಂಡ್‌ಗೇ ಹೋಗಿಬಿಡೋಣ ಅನ್ನುತ್ತಾರೆ ನಮ್ಮವರು. ಸ್ಕೀಯಿಂಗ್ ಜಾಗಗಳಲ್ಲಿ ಥ್ರೆಡ್‌ಬೋ ಒಳ್ಳೆಯದಾ, ಪೆರಿಷರ್ ಒಳ್ಳೆಯದಾ? ಕಾರು ಸಾಮಾನ್ಯ ಸೆಡಾನ್. ಹೋಗಿ ಬಂದವರು ಹೇಳಿ, ಪ್ಲೀಸ್.

ಉತ್ತರ, ಸಿಡ್ನಿಯಿಂದಲೇ

ಮೇಡಂ, ಮೊದಲು ನಿಮ್ಮವರ ತಲೆಯಿಂದ ಜೂನ್ ತೆಗೆಯಿರಿ.

ನಾವೂ ಮೊದಲ ಸಲ ಹೋಗಿದ್ದು ಅದೇ ಲಾಂಗ್ ವೀಕೆಂಡ್‌ಗೆ. ಸ್ಕೀ ಸೀಸನ್ ಶುರು ಅಂತ ಹಾಕಿದ್ದರು, ಹಾಗಾದರೆ ಹಿಮ ಬಿದ್ದಿರುತ್ತದೆ ಅಂದುಕೊಂಡೆವು. ಕ್ಯಾಲೆಂಡರಿನಲ್ಲಿ ಸೀಸನ್ ಶುರುವಾಗಿತ್ತು, ಮೋಡಕ್ಕೆ ಯಾರೂ ಹೇಳಿರಲಿಲ್ಲ. ಸುತ್ತ ಕಂದು ಹುಲ್ಲಿನ ಗುಡ್ಡ, ನಡುವೆ ಯಂತ್ರದಲ್ಲಿ ಮಾಡಿದ ಹಿಮದ ಒಂದು ಬಿಳಿ ಪಟ್ಟಿ. ದೂರದಿಂದ ನೋಡಿದರೆ ಯಾರೋ ಪಂಚೆ ಒಣಹಾಕಿದ ಹಾಗಿತ್ತು. ಆ ಪಟ್ಟಿಯ ಮೇಲೇ ಎಲ್ಲರೂ ಜಾರುತ್ತಿದ್ದರು. ಕೆಲವು ವರ್ಷ ಜೂನ್‌ನಲ್ಲೇ ಚೆನ್ನಾಗಿ ಬೀಳುತ್ತದೆ, ಸುಳ್ಳಲ್ಲ. ಆದರೆ ಅದು ಲಾಟರಿ. ಆರು ಗಂಟೆ ದಾರಿ ಸವೆಸಿ, ವಯಸ್ಸಾದವರನ್ನು ಕರೆದುಕೊಂಡು ಹೋಗಿ ಲಾಟರಿ ಆಡಬಾರದು.

ಆಗಸ್ಟ್‌ಗೆ ಇಟ್ಟುಕೊಳ್ಳಿ. ಪೆರಿಷರ್ ಮತ್ತು ಶಾರ್ಲಟ್ ಪಾಸ್ ನಡುವೆ ಸ್ಪೆನ್ಸರ್ಸ್ ಕ್ರೀಕ್ ಅಂತ ಒಂದು ಜಾಗ ಇದೆ. ಸ್ನೋಯಿ ಹೈಡ್ರೋದವರು 1954ರಿಂದ ಅಲ್ಲಿ ಹಿಮದ ಆಳ ಅಳೆಯುತ್ತಾ ಬಂದಿದ್ದಾರೆ. ಕರಗಿ ಬರುವ ಆ ನೀರಿನಲ್ಲೇ ಅವರು ವಿದ್ಯುತ್ ಮಾಡುವುದು, ಹಾಗಾಗಿ ಅಳತೆಯಲ್ಲಿ ಸೋಮಾರಿತನ ಇಲ್ಲ. ಆ ಅಳತೆಗಳನ್ನು ನೋಡಿದರೆ, ಸಾಮಾನ್ಯವಾಗಿ ಹಿಮ ಅತಿ ಆಳ ಇರುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭದ ಹೊತ್ತಿಗೆ. 1981ರಲ್ಲಿ 361 ಸೆಂಟಿಮೀಟರ್ ತಲುಪಿತ್ತು. ಈಗ ಅಷ್ಟು ಕೇಳಬೇಡಿ. ಜುಲೈ ಶಾಲಾ ರಜೆಯಲ್ಲಿ ಹಿಮ ಇದ್ದರೂ ಜನಜಾತ್ರೆ, ರೂಮ್ ಬಾಡಿಗೆ ಕೇಳಿದರೇ ಚಳಿ ಹತ್ತುತ್ತದೆ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿಸಿ, ಆಗಸ್ಟ್‌ನ ಮಂಗಳವಾರ, ಬುಧವಾರ ಹೋಗಿ. ಟೀಚರ್ ಬೈದರೆ ಬೈಯಲಿ.

ಇನ್ನು ಥ್ರೆಡ್‌ಬೋನಾ ಪೆರಿಷರಾ ಅನ್ನುವುದು. ಸ್ಕೀಯಿಂಗ್ ಬಲ್ಲವರು ಇದಕ್ಕೆ ರಾತ್ರಿಯಿಡೀ ಜಗಳ ಆಡುತ್ತಾರೆ. ನಿಮ್ಮ ಮನೆಯ ಲೆಕ್ಕ ಬೇರೆ. ಥ್ರೆಡ್‌ಬೋ ಊರು ಇರುವುದು ಸುಮಾರು 1365 ಮೀಟರ್ ಎತ್ತರದಲ್ಲಿ. ಪೆರಿಷರ್ ಸುಮಾರು 1720. ಥ್ರೆಡ್‌ಬೋದಲ್ಲಿ ಮೇಲೆ ಹಿಮ ಇದ್ದರೂ ಕೆಳಗೆ ಊರಿನ ರಸ್ತೆಯಲ್ಲಿ ಬರೀ ಒದ್ದೆ ಟಾರು ಇರುವುದುಂಟು. ಪೆರಿಷರ್‌ನಲ್ಲಿ ಕಾಲಿಟ್ಟ ಕಡೆಯೇ ಹಿಮ ಸಿಗುವ ಸಾಧ್ಯತೆ ಜಾಸ್ತಿ. ಮಾವನ ಮಂಡಿಗೆ ಇದೇ ಮುಖ್ಯ, ಅಲ್ವಾ?

ಪೆರಿಷರ್‌ಗೆ ರೈಲು ಬೇರೆ ಇದೆ. ಸ್ಕೀಟ್ಯೂಬ್ ಅಂತ ಹೆಸರು, 1987ರಲ್ಲಿ ಶುರುವಾಗಿದ್ದು. ಜಿಂಡಬೈನ್ ಊರಿನಿಂದ ಥ್ರೆಡ್‌ಬೋ ಕಡೆ ಹೋಗುವ ರಸ್ತೆಯಲ್ಲಿ ಬುಲಕ್ಸ್ ಫ್ಲ್ಯಾಟ್ ಸಿಗುತ್ತದೆ. ಅಲ್ಲಿ ಕಾರು ನಿಲ್ಲಿಸಿ ರೈಲು ಹತ್ತಿ. ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತದೆ, ಅದನ್ನು ಕಚ್ಚಿಕೊಂಡು ಬೆಟ್ಟ ಏರುತ್ತದೆ. ಹೆಚ್ಚಿನ ದಾರಿ ಸುರಂಗದೊಳಗೆ. ಕತ್ತಲೆಯಲ್ಲಿ ಕೂತಿದ್ದು, ಇಳಿದು ಹೊರಗೆ ಬಂದರೆ ಪೂರಾ ಬಿಳಿ. ನಮ್ಮ ಅಮ್ಮ ಹೊರಗೆ ಬಂದವಳು ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಬಗ್ಗಿ ಒಂದು ಮುಷ್ಟಿ ಎತ್ತಿಕೊಂಡು, "ಇದೇನೋ, ಕೈಯಲ್ಲಿ ಹಿಡಿದರೆ ಉಪ್ಪಿನ ಹಾಗಿದೆ" ಅಂದಳು. ಬೇಸರ ಆದರೆ ನಿಲ್ದಾಣದ ಹತ್ತಿರವೇ ಬೆಚ್ಚಗೆ ಕೂತು ಕಾಫಿ ಕುಡಿಯಬಹುದು. ಮಾವ ಅಲ್ಲಿ ಕೂತು ಕಿಟಕಿಯಿಂದ ಮೊಮ್ಮಕ್ಕಳು ಬೀಳುವುದನ್ನು ನೋಡಲಿ.

ಬೆಟ್ಟದ ಮೇಲೆ ರೂಮ್ ಮಾಡಬೇಡಿ, ಜಿಂಡಬೈನ್‌ನಲ್ಲಿ ಮಾಡಿ. ಬಾಡಿಗೆ ಕಡಿಮೆ, ಅಡುಗೆಮನೆ ಇರುವ ಯೂನಿಟ್ ಸಿಗುತ್ತದೆ. ಇನ್ನೊಂದು: ದಾರಿಯಲ್ಲಿ ಸಿಗುವ ಕೂಮಾ ಊರು ದಾಟಿದ ಮೇಲೆ ಕತ್ತಲಲ್ಲಿ ಓಡಿಸಬೇಡಿ. ಕಾಂಗರೂ, ವೊಂಬ್ಯಾಟ್ ಎಲ್ಲ ರಸ್ತೆಗೇ ಬರುತ್ತವೆ. ಬೆಳಿಗ್ಗೆ ಬೇಗ ಹೊರಟು ಸಂಜೆಯೊಳಗೆ ಮುಟ್ಟಿಕೊಳ್ಳಿ.

ಉತ್ತರ, ಮೆಲ್ಬರ್ನ್‌ನಿಂದ

ಸೆಡಾನ್ ಅಂದಿರಲ್ಲ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಹಿಮದಲ್ಲಿ ಜಾರದ ಹಾಗೆ ಟೈರ್‌ಗೆ ಹಾಕುವ ಚೈನ್ ಗೊತ್ತಾ? ನಿಮ್ಮ ನ್ಯೂ ಸೌತ್ ವೇಲ್ಸ್‌ನಲ್ಲಿ ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ ಥ್ರೆಡ್‌ಬೋ, ಪೆರಿಷರ್ ಇರುವ ಕೊಸಿಯಸ್ಕೊ ಪಾರ್ಕಿನ ಮೇಲಿನ ರಸ್ತೆಗಳಿಗೆ ಹೋಗುವ ಟೂ ವೀಲ್ ಡ್ರೈವ್ ಕಾರಿನಲ್ಲಿ ಚೈನ್ ಇರಲೇಬೇಕು. ಇಲ್ಲಿ ವಿಕ್ಟೋರಿಯಾದಲ್ಲಿ, ಮೌಂಟ್ ಬುಲ್ಲರ್‌ನಂಥ ಕಡೆ ಫೋರ್ ವೀಲ್ ಡ್ರೈವ್‌ನಲ್ಲೂ ಚೈನ್ ಇರಲೇಬೇಕು. ಹಾಕಬೇಕಾಗಿ ಬರುತ್ತದೋ ಇಲ್ಲವೋ, ಡಿಕ್ಕಿಯಲ್ಲಿ ಇಲ್ಲದಿದ್ದರೆ ದಂಡ.

ನನ್ನ ಕಥೆ ಕೇಳಿ. ಬೆಟ್ಟದ ಕೆಳಗಿನ ಅಂಗಡಿಯಲ್ಲಿ ಚೈನ್ ಬಾಡಿಗೆಗೆ ತೆಗೆದುಕೊಂಡೆ. ಅಂಗಡಿಯವನು ಹಾಕುವುದನ್ನು ತೋರಿಸಿದ, ನಾನು ಆಯ್ತು ಆಯ್ತು ಅಂದೆ. ಮೇಲೆ ಹೋದಂತೆ ಮಂಜು, ಕೆಸರು ಹಿಮ, ಚೈನ್ ಹಾಕಿ ಅನ್ನುವ ಬೋರ್ಡ್. ಮುಕ್ಕಾಲು ಗಂಟೆ ರಸ್ತೆ ಪಕ್ಕ ಮಂಡಿಯೂರಿ ಕೂತು, ಬೆರಳು ಸೆಟೆದುಕೊಂಡು, ಕೊನೆಗೂ ಹಾಕಿದೆ. ಕಾರು ಇದ್ದಲ್ಲೇ ಗಿರಗಿರ ತಿರುಗಿತು. ಹಾಕಿದ್ದು ಹಿಂದಿನ ಚಕ್ರಕ್ಕೆ. ನನ್ನದು ಮುಂದಿನ ಚಕ್ರ ಎಳೆಯುವ ಕಾರು! ಹೆಂಡತಿ ಇವತ್ತಿಗೂ ಬಿಟ್ಟಿಲ್ಲ. ಮನೆಯ ಗ್ಯಾರೇಜಿನಲ್ಲಿ ಒಂದು ಸಲ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಬಾಡಿಗೆ ಕಾರಾದರೆ ಹಿಮದ ರಸ್ತೆಗೆ ಒಯ್ಯಬಹುದಾ ಅಂತ ಮೊದಲೇ ಕೇಳಿ, ತುಂಬಾ ಕಂಪನಿಗಳು ಒಪ್ಪುವುದಿಲ್ಲ. ಸ್ಕೀಟ್ಯೂಬ್‌ನಲ್ಲಿ ಹೋದರೆ ಈ ರಗಳೆಯೇ ಇಲ್ಲ. ಡೀಸೆಲ್ ಗಾಡಿಯವರು ಯಾರಾದರೂ ಓದುತ್ತಿದ್ದರೆ: ಸಿಡ್ನಿ, ಮೆಲ್ಬರ್ನ್‌ನಲ್ಲಿ ತುಂಬಿಸಿದ ಡೀಸೆಲ್ ರಾತ್ರಿ ಚಳಿಗೆ ಗಟ್ಟಿಯಾಗುತ್ತದೆ. ಬೆಟ್ಟದ ಕೆಳಗಿನ ಊರಿನಲ್ಲಿ ಆಲ್ಪೈನ್ ಡೀಸೆಲ್ ಅಂತ ಕೇಳಿ ಹಾಕಿಸಿ.

ನಮ್ಮ ಮೆಲ್ಬರ್ನ್‌ನವರಿಗೆ ಒಂದು ಮಾತು. ಸುಮ್ನೆ ಹಿಮ ನೋಡಿ, ಮಕ್ಕಳನ್ನು ಟೊಬಾಗನ್‌ನಲ್ಲಿ (ಹಿಮದ ಮೇಲೆ ಕೂತು ಜಾರುವ ಗಾಡಿ) ಜಾರಿಸಿ ಸಂಜೆ ಮನೆಗೆ ಬರಬೇಕು ಅಂದರೆ ಬುಲ್ಲರ್ ತನಕ ಹೋಗಬೇಕಿಲ್ಲ. ಮೇರಿಸ್‌ವಿಲ್ ಪಕ್ಕದ ಲೇಕ್ ಮೌಂಟನ್ ಎರಡು ಗಂಟೆ ದಾರಿ. ಇಳಿಜಾರಿನ ಸ್ಕೀಯಿಂಗ್‌ಗೆ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ಅಲ್ಲಿ ಇಲ್ಲ, ಮಕ್ಕಳ ಆಟ ಮತ್ತು ಕ್ರಾಸ್ ಕಂಟ್ರಿ ಸ್ಕೀಯಿಂಗ್ ಮಾತ್ರ. 2009ರ ಕಾಳ್ಗಿಚ್ಚಿನಲ್ಲಿ ಸುಟ್ಟ ಸ್ನೋ ಗಮ್ ಮರಗಳ ಬೆಳ್ಳಗಿನ ಅಸ್ಥಿಪಂಜರ ಹಿಮದ ನಡುವೆ ನಿಂತಿರುವುದು ನೋಡಿದರೆ ಒಂಥರಾ ಆಗುತ್ತದೆ.

ಪ್ರಶ್ನೆ ಕೇಳಿದವರು

ಚೈನ್ ಕಥೆ ನಮ್ಮವರಿಗೆ ಓದಿ ಹೇಳಿದೆ. ರೈಲೇ ಸರಿ ಅಂದರು. ಸ್ಕೀಯಿಂಗ್ ಅವರೇ ಮಕ್ಕಳಿಗೆ ಹೇಳಿಕೊಡುತ್ತಾರಂತೆ, ಯೂಟ್ಯೂಬ್ ನೋಡುತ್ತಿದ್ದಾರೆ. ಬಟ್ಟೆಗೆ ಎಷ್ಟು ಖರ್ಚಾಗುತ್ತದೆ? ಅತ್ತೆ ಪ್ಯಾಂಟ್ ಹಾಕುವುದಿಲ್ಲ ಅಂತ ಹಟ ಹಿಡಿದಿದ್ದಾರೆ.

ಉತ್ತರ, ಕ್ಯಾನ್‌ಬೆರಾದಿಂದ

ಅಕ್ಕಾ, ದಯವಿಟ್ಟು ಬೇಡ. ಗಂಡ ಕಲಿಸಿದ ಡ್ರೈವಿಂಗ್ ನೆನಪಿಸಿಕೊಳ್ಳಿ, ಅದಕ್ಕಿಂತ ಕಷ್ಟ ಇದು. ಮಕ್ಕಳನ್ನು ಸ್ಕೀ ಸ್ಕೂಲಿಗೆ ಹಾಕಿ, ಭಾವನವರನ್ನೂ ದೊಡ್ಡವರ ಆರಂಭಿಕ ಕ್ಲಾಸಿಗೆ ತಳ್ಳಿ. ಎರಡು ಹಲಗೆಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿದರೆ ವೇಗ ತಗ್ಗುತ್ತದೆ. ಮಕ್ಕಳಿಗೆ ಇದನ್ನು ಪಿಜ್ಜಾ ಅಂತ ಹೇಳಿಕೊಡುತ್ತಾರೆ. ನಿಮ್ಮ ಐದು ವರ್ಷದವನು ಅರ್ಧ ದಿನದಲ್ಲಿ ಪಿಜ್ಜಾ ಮಾಡುತ್ತಾನೆ. ಭಾವನವರು ಬಹುಶಃ ಮಾರನೆಯ ದಿನ. ಎತ್ತರದಲ್ಲಿರುವುದು ನಮ್ಮ ಭಾರ, ಮಕ್ಕಳ ಹಾಗೆ ನೆಲಕ್ಕೆ ಹತ್ತಿರ ಅಲ್ಲವಲ್ಲ.

ಲಿಫ್ಟ್ ಟಿಕೆಟ್‌ನಲ್ಲೇ ಜೇಬು ಖಾಲಿಯಾಗುವುದು. ಪೂರ್ತಿ ಬೆಟ್ಟದ ಒಂದು ದಿನದ ಟಿಕೆಟ್ ಜನ ಜಾಸ್ತಿ ಇರುವ ವಾರಗಳಲ್ಲಿ ದೊಡ್ಡವರಿಗೆ 200 ಡಾಲರ್ ದಾಟುತ್ತದೆ. ಮೊದಲ ದಿನ ನಿಮಗೆ ಪೂರ್ತಿ ಬೆಟ್ಟ ಬೇಕಿಲ್ಲ. ಆರಂಭಿಕರ ಜಾಗದ ಲಿಫ್ಟ್, ಪಾಠ, ಹಲಗೆ, ಬೂಟು ಎಲ್ಲ ಸೇರಿದ ಪ್ಯಾಕೇಜ್ ಇರುತ್ತದೆ, ಅದನ್ನೇ ಆನ್‌ಲೈನ್‌ನಲ್ಲಿ ಬೇಗ ಹಿಡಿಯಿರಿ. ಅಲ್ಲಿಗೆ ಹೋಗಿ ಕ್ಯೂನಲ್ಲಿ ನಿಂತು ಕೊಂಡರೆ ದುಬಾರಿ.

ಬೂಟಿನ ಒಳಗೆ ಎರಡು ಜೊತೆ ಕಾಲುಚೀಲ ಹಾಕಬೇಡಿ. ಎಲ್ಲರೂ ಮಾಡುವ ತಪ್ಪು. ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಉದ್ದನೆಯದು ಒಂದೇ ಜೊತೆ ಸಾಕು. ಜೀನ್ಸ್, ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಇಲ್ಲಿಯ ಹಿಮ ಹಿಮಾಲಯದ್ದರ ಹಾಗೆ ಪುಡಿಪುಡಿ ಅಲ್ಲ, ನೀರು ಜಾಸ್ತಿ. ಎಷ್ಟೋ ದಿನ ಮಳೆಯೇ ಬರುತ್ತದೆ. ಆದ್ದರಿಂದ ಮೇಲಿನ ಜಾಕೆಟ್, ಪ್ಯಾಂಟ್ ನೀರು ಇಳಿಯದಂಥದ್ದು ಇರಲಿ. ದೊಡ್ಡವರಿಗೆ ಬಾಡಿಗೆಗೆ ತೆಗೆದುಕೊಳ್ಳಿ. ಮಕ್ಕಳಿಗೆ ಮತ್ತು ಒಳಗಿನ ಥರ್ಮಲ್‌ಗೆ ಆಲ್ಡಿ ಸೂಪರ್‌ಮಾರ್ಕೆಟ್‌ನಲ್ಲಿ ಚಳಿಗಾಲಕ್ಕೆ ಮುಂಚೆ ಬರುವ ಸ್ನೋ ಸೇಲ್ ನೋಡಿ, ಅಗ್ಗ. ಸನ್‌ಸ್ಕ್ರೀನ್, ಕಪ್ಪು ಕನ್ನಡಕ ಮರೆಯಬೇಡಿ. ಚಳಿಯಲ್ಲೂ ಮುಖ ಸುಡುತ್ತದೆ, ಹೊಸ ಹಿಮ ಬಿಸಿಲನ್ನು ಕನ್ನಡಿಯ ಹಾಗೆ ವಾಪಸ್ ಎಸೆಯುತ್ತದೆ.

ಅತ್ತೆಯವರ ವಿಷಯ: ನಮ್ಮಮ್ಮನದೂ ಅದೇ ಹಟ ಇತ್ತು. ಒಳಗೆ ಥರ್ಮಲ್, ಅದರ ಮೇಲೆ ಸ್ನೋ ಪ್ಯಾಂಟ್, ಅದರ ಮೇಲೆ ಸೀರೆ ಉಟ್ಟು, ಸ್ವಲ್ಪ ಎತ್ತಿ ಸಿಕ್ಕಿಸಿ, ಮೇಲೊಂದು ಉದ್ದನೆಯ ಕೋಟು. ಹೊಲಕ್ಕೆ ಹೊರಟ ಹಾಗಿದ್ದರು. ಅಂಚು ಒದ್ದೆಯಾಯಿತು, ಅಷ್ಟೇ. ಫೋಟೋ ಊರಿಗೆಲ್ಲ ಹೋಯಿತು. ಕಾಲಿಗೆ ಮಾತ್ರ ಚಪ್ಪಲಿ, ಸ್ನೀಕರ್ ಬೇಡ. ಹಿಡಿತ ಇರುವ ಸ್ನೋ ಬೂಟು ಬಾಡಿಗೆಗೆ ಸಿಗುತ್ತದೆ. ಕಾರ್ ಪಾರ್ಕಿಂಗ್‌ನ ಗಟ್ಟಿ ಐಸ್ ಮೇಲೆ ಜಾರಿ ಸೊಂಟ ಮುರಿದುಕೊಂಡವರು ಸ್ಕೀಯಿಂಗ್ ಮಾಡಿದವರಲ್ಲ, ನಡೆದವರು. ಅತ್ತೆ-ಮಾವನ ವಿಸಿಟರ್ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿ. ಹಿಮದ ಆಟ ಸೇರಿಸದ ಪಾಲಿಸಿಗಳು ಎಷ್ಟೋ ಇವೆ, ಅವರನ್ನು ಟೊಬಾಗನ್ ಮೇಲೆ ಕೂರಿಸುವ ಮುಂಚೆ ಇದು ಗೊತ್ತಿರಲಿ.

ಉತ್ತರ, ಸಿಡ್ನಿ, ಮೊದಲು ಬರೆದವರೇ

ಊಟ ಹೇಳುವುದು ಮರೆತೆ. ಮೇಲೆ ಸಿಗುವುದು ಹೆಚ್ಚಾಗಿ ಚಿಪ್ಸ್, ಪೈ, ಬರ್ಗರ್. ಥರ್ಮಾಸ್‌ನಲ್ಲಿ ಬಿಸಿ ಸಾರು ಒಯ್ಯಿರಿ. ಚಪಾತಿಗೆ ಪಲ್ಯ ಸುತ್ತಿ ಫಾಯಿಲ್‌ನಲ್ಲಿಟ್ಟು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಂಡರೆ ಗಟ್ಟಿಯಾಗುವುದಿಲ್ಲ. ಮೊಸರನ್ನ ಬೇಡ, ನಾವು ಒಯ್ದು ಅನುಭವಿಸಿದ್ದೇವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಆಗಸ್ಟ್ ಮೂರನೇ ವಾರ, ಜಿಂಡಬೈನ್‌ನಲ್ಲಿ ಮೂರು ರಾತ್ರಿ ಬುಕ್ ಆಯಿತು. ಸೀರೆ ಉಪಾಯ ಕೇಳಿ ಅತ್ತೆ ಒಪ್ಪಿದರು, ಯಾವ ಸೀರೆ ಅನ್ನುವ ಚರ್ಚೆ ಈಗಲೇ ಶುರುವಾಗಿದೆ. ಮಾವನಿಗೆ ಟೋಪಿ ಕೊಡಿಸಲು ಹೋದರೆ ಬೇಡ ಅಂದರು. ಸೂಟ್‌ಕೇಸ್ ತೆಗೆದು ತೋರಿಸಿದರು: ದಾವಣಗೆರೆಯಿಂದ ಮೂರು ಮಂಕಿ ಕ್ಯಾಪ್ ತಂದಿದ್ದಾರೆ. ಒಂದು ನಮ್ಮವರಿಗಂತೆ.